ತೊಟ್ಟಿಮನೆಯ ಬೆಳಕು, ಲ್ಯಾಪ್‌ಟಾಪಿನ ಬಿಸಿ

ಹಳೆಯ ತೊಟ್ಟಿಮನೆಯ ಒಳಕೋಣೆಯಲ್ಲಿ ನಡುಹಗಲು ದೀಪ ಹಚ್ಚದೆಯೇ ಪತ್ರಿಕೆ ಓದಬಹುದು. ಸೂರ್ಯನ ಒಂದು ಕಿರಣವೂ ಆ ಕೋಣೆಗೆ ನೇರವಾಗಿ ಬರುವುದಿಲ್ಲ. ತೆರೆದ ಬಾನಿನಿಂದ ಇಳಿದ ಬಿಸಿಲು ತೊಟ್ಟಿಯ ಕಲ್ಲುಚಪ್ಪಡಿಗೆ ಬಡಿದು ಚದುರುತ್ತದೆ. ಅದರ ಒಂದು ಪಾಲು ಜಗಲಿಯ ಕೆಂಪು ನೆಲಕ್ಕೆ ಹೋಗಿ, ಅಲ್ಲಿಂದ ತುಸು ಕೆಂಪು ಹೊತ್ತುಕೊಂಡು ಕಂಬದ ಒಳಮೈಗೆ, ಕಂಬದಿಂದ ಸುಣ್ಣದ ಗೋಡೆಗೆ, ಗೋಡೆಯಿಂದ ಬಾಗಿಲು ದಾಟಿ ಒಳಗೆ ಬರುತ್ತದೆ. ನಾಲ್ಕೈದು ಸಲ ಬಡಿದು ಕುಗ್ಗಿದ ಬೆಳಕೇ ಆ ಕೋಣೆಯ ಬೆಳಕು. ಅದರ ಮೃದುತನಕ್ಕೂ ತಂಪಿಗೂ ಕಾರಣ ಇದೇ.

ಇದೇ ಮನೆಯನ್ನು ಆರ್ಕಿಟೆಕ್ಚರ್ ವಿದ್ಯಾರ್ಥಿಯೊಬ್ಬಳು ಸ್ಕೆಚಪ್‌ನಲ್ಲೋ ರೆವಿಟ್‌ನಲ್ಲೋ ಕಟ್ಟಿ, ಒಳಕೋಣೆಯ ಒಂದು ವ್ಯೂ ರೆಂಡರ್ ಮಾಡಿ ಜ್ಯೂರಿಯ ಮುಂದಿಡಬೇಕು ಎನ್ನೋಣ. ಪ್ರಕೃತಿ ಕ್ಷಣಮಾತ್ರದಲ್ಲಿ ಮಾಡುವ ಆ ಬಡಿತಗಳನ್ನೆಲ್ಲ ಈಗ ಯಂತ್ರ ಒಂದೊಂದಾಗಿ ಲೆಕ್ಕ ಹಾಕಬೇಕು. ಬಿ.ಆರ್ಕ್. ಐದು ವರ್ಷದ ಓದು. ಮಗಳು ಸೀಟು ಪಡೆದ ವಾರವೇ ಮನೆಯಲ್ಲಿ ಏಳುವ ಪ್ರಶ್ನೆ: ಯಾವ ಲ್ಯಾಪ್‌ಟಾಪ್ ಕೊಡಿಸೋಣ? ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯಲ್ಲಾಗಲಿ, ಆನ್‌ಲೈನ್ ಮಳಿಗೆಯಲ್ಲಾಗಲಿ ಸಿಗುವ ಉತ್ತರ ಒಂದೇ: ಐ7 ಇರಲಿ, ಆರ್‌ಟಿಎಕ್ಸ್ ಕಾರ್ಡ್ ಇರಲಿ, ಗೇಮಿಂಗ್ ಲ್ಯಾಪ್‌ಟಾಪ್ ತಗೊಳ್ಳಿ. ಈ ಉತ್ತರ ಸುಳ್ಳಲ್ಲ, ಆದರೆ ಅರ್ಧ. ಚಿಪ್‌ನ ಹೆಸರು ಹೇಳುವುದಕ್ಕಿಂತ ಎರಡು ಬೇರೆ ಅಂಕಿಗಳು ಹೆಚ್ಚು ನಿಜ ಹೇಳುತ್ತವೆ: ಆ ಯಂತ್ರ ಗಂಟೆಗಟ್ಟಲೆ ಎಷ್ಟು ವ್ಯಾಟ್ ತಾಳಿಕೊಳ್ಳುತ್ತದೆ, ಮತ್ತು ಅದರ ಗ್ರಾಫಿಕ್ಸ್ ಮೆಮೊರಿಯಲ್ಲಿ ಇಡೀ ಮನೆ ಹಿಡಿಸುತ್ತದೆಯೇ. ಯಾಕೆ ಎಂಬುದು ಬೆಳಕಿನ ಲೆಕ್ಕದಲ್ಲೇ ಇದೆ.

ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಟರ್ನರ್ ವಿಟೆಡ್ 1980ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಚಿತ್ರವಿದೆ. ಚೌಕಳಿ ನೆಲದ ಮೇಲೆ ತೇಲುವ ಎರಡು ಗೋಳಗಳು, ಒಂದು ಗಾಜಿನದು, ಇನ್ನೊಂದು ಕನ್ನಡಿಯಂಥದ್ದು. ಆ ಒಂದು ಚಿತ್ರ ಬಿಡಿಸಲು ವ್ಯಾಕ್ಸ್ 11/780 ಎಂಬ ಅಂದಿನ ದೊಡ್ಡ ಕಂಪ್ಯೂಟರ್ 74 ನಿಮಿಷ ತೆಗೆದುಕೊಂಡಿತು. ವಿಟೆಡ್ ಹಿಡಿದ ದಾರಿ ಬೆಳಕಿನ ದಾರಿಗೆ ತಿರುಗುಮುರುಗು. ಸೂರ್ಯನಿಂದ ಹೊರಟ ಕಿರಣಗಳಲ್ಲಿ ಬಹುಪಾಲು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ, ಅವನ್ನು ಬೆನ್ನಟ್ಟುವುದು ವ್ಯರ್ಥ. ಹಾಗಾಗಿ ಕಣ್ಣಿನಿಂದಲೇ ಕಿರಣ ಹೊರಡಿಸಿ, ಪರದೆಯ ಒಂದೊಂದು ಚುಕ್ಕಿಯ ಮೂಲಕ ಹಾಯಿಸಿ, ಅದು ಯಾವ ವಸ್ತುವಿಗೆ ತಾಗಿತು, ಅಲ್ಲಿಂದ ಎತ್ತ ತಿರುಗಿತು ಎಂದು ಹಿಂಬಾಲಿಸಬೇಕು. ಗಾಜು, ಕನ್ನಡಿಗಳಿಗೆ ಇದು ಸೊಗಸಾಗಿ ಒಪ್ಪಿತು. ಸುಣ್ಣದ ಗೋಡೆಗೆ ಒಪ್ಪಲಿಲ್ಲ. ಕನ್ನಡಿ ಬೆಳಕನ್ನು ಒಂದೇ ದಿಕ್ಕಿಗೆ ತಿರುಗಿಸುತ್ತದೆ, ಗೋಡೆಯಾದರೋ ಎಲ್ಲ ದಿಕ್ಕಿಗೂ ಚೆಲ್ಲುತ್ತದೆ.

ಗೋಡೆಗಳ ಪ್ರಶ್ನೆಯನ್ನು ಕೈಗೆತ್ತಿಕೊಂಡವರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಡೊನಾಲ್ಡ್ ಗ್ರೀನ್‌ಬರ್ಗ್ ಮತ್ತು ಸಂಗಡಿಗರು ಮುಖ್ಯರು. ಗ್ರೀನ್‌ಬರ್ಗ್ ಕಟ್ಟಡ ಎಂಜಿನಿಯರಿಂಗ್‌ನ ಹಿನ್ನೆಲೆಯವರು. ಕಟ್ಟುವ ಮುನ್ನವೇ ಕಟ್ಟಡದೊಳಗಿನ ಬೆಳಕನ್ನು ಕಾಣಬೇಕೆಂಬ ಆಸೆ ಅವರದು. 1984ರಲ್ಲಿ ಈ ತಂಡ ಶಾಖ ಒಂದು ಮೈಯಿಂದ ಇನ್ನೊಂದು ಮೈಗೆ ಹರಿಯುವ ಸಮೀಕರಣಗಳನ್ನೇ ತಂದು ಬೆಳಕಿಗೆ ಹಚ್ಚಿ, ಬಣ್ಣದ ಗೋಡೆಗಳುಳ್ಳ ಒಂದು ಸಣ್ಣ ಪೆಟ್ಟಿಗೆಯ ಚಿತ್ರ ತೆಗೆಯಿತು. ಪಕ್ಕದ ಗೋಡೆಯ ಬಣ್ಣ ಬಿಳಿ ಗೋಡೆಗೆ ಸೋರುವುದು ಅದರಲ್ಲಿ ಕಂಡಿತು. ನಮ್ಮ ಕೆಂಪು ನೆಲದ ಕೆಂಪು ಕಂಬಕ್ಕೆ ಹತ್ತುವುದೂ ಇದೇ ವಿದ್ಯಮಾನ. ಎರಡು ವರ್ಷದ ನಂತರ, 1986ರಲ್ಲಿ, ಜೇಮ್ಸ್ ಕಜಿಯಾ ಎಲ್ಲ ಬಗೆಯ ಮೈಗಳಿಗೂ ಸಲ್ಲುವ ಒಂದೇ ಸಮೀಕರಣ ಬರೆದರು. ಆ ಸಮೀಕರಣವನ್ನು ನೇರವಾಗಿ ಬಿಡಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ. ಪರಿಹಾರವನ್ನೂ ಅವರೇ ಸೂಚಿಸಿದರು: ಬಿಡಿಸಬೇಡಿ, ಅದೃಷ್ಟಕ್ಕೆ ಬಿಡಿ. ಗೋಡೆಗೆ ತಾಗಿದ ಕಿರಣವನ್ನು ಯಾದೃಚ್ಛಿಕವಾಗಿ ಯಾವುದಾದರೂ ಒಂದು ದಿಕ್ಕಿಗೆ ಕಳಿಸಿ. ಹೀಗೆ ನೂರಾರು ಸಲ ಮಾಡಿ ಸರಾಸರಿ ತೆಗೆದರೆ ಉತ್ತರ ನಿಜದ ಹತ್ತಿರ ಬರುತ್ತದೆ. ಇದಕ್ಕೆ ಮಾಂಟೆ ಕಾರ್ಲೊ ವಿಧಾನವೆಂದು ಹೆಸರು. 1940ರ ದಶಕದಲ್ಲಿ ಲಾಸ್ ಅಲಾಮೋಸ್ ಪ್ರಯೋಗಾಲಯದ ವಿಜ್ಞಾನಿಗಳು ನ್ಯೂಟ್ರಾನ್‌ಗಳ ಓಡಾಟ ಲೆಕ್ಕಹಾಕಲು ರೂಪಿಸಿಕೊಂಡ ಉಪಾಯ ಇದು. ವಿ-ರೇ, ಕರೋನಾ, ಬ್ಲೆಂಡರ್‌ನ ಸೈಕಲ್ಸ್ ಮೊದಲಾದ ಇಂದಿನ ರೆಂಡರರ್‌ಗಳು ಇದೇ ವಂಶದವು.

ಈಗ ನಮ್ಮ ಒಳಕೋಣೆಯ ಲೆಕ್ಕ ಮಾಡೋಣ. 4ಕೆ ಚಿತ್ರವೆಂದರೆ 3,840 ಅಡ್ಡ, 2,160 ಉದ್ದ: ಸುಮಾರು 83 ಲಕ್ಷ ಚುಕ್ಕಿ. ಒಂದೊಂದು ಚುಕ್ಕಿಗೆ 500 ಮಾದರಿ ಕಿರಣ ತೆಗೆದುಕೊಂಡರೆ 415 ಕೋಟಿ. ಒಂದೊಂದು ಕಿರಣ ಆರು ಸಲ ಬಡಿದು ತಿರುಗಿದರೆ ಸುಮಾರು 2,500 ಕೋಟಿ ತುಂಡು ದಾರಿಗಳು. ಇಷ್ಟಾದರೂ ಚಿತ್ರದ ಮೂಲೆಗಳಲ್ಲಿ ರವೆ ಚೆಲ್ಲಿದಂತೆ ಕಾಳುಕಾಳು ಉಳಿದಿರಬಹುದು. ಅದನ್ನು ಅರ್ಧಕ್ಕಿಳಿಸಲು ಕಿರಣಗಳನ್ನು ಇಮ್ಮಡಿ ಮಾಡಿದರೆ ಸಾಲದು, ನಾಲ್ಕು ಪಟ್ಟು ಮಾಡಬೇಕು. ಸರಾಸರಿಯ ದೋಷ ಮಾದರಿಗಳ ಸಂಖ್ಯೆಯ ವರ್ಗಮೂಲಕ್ಕೆ ತಕ್ಕಂತೆ ಮಾತ್ರ ಇಳಿಯುತ್ತದೆ ಎಂಬುದು ಗಣಿತದ ಕಟ್ಟುಪಾಡು, ಯಾವ ಕಂಪನಿಯ ಚಿಪ್ಪೂ ಅದನ್ನು ಮೀರಲಾರದು. 500ರಿಂದ 2,000ಕ್ಕೆ ಹೋದರೆ ಕಾಳು ಅರ್ಧ, ಸಮಯ ನಾಲ್ಕು ಪಟ್ಟು. ಈಚಿನ ರೆಂಡರರ್‌ಗಳು ಈ ಕೊನೆಯ ಹಾದಿಯನ್ನು ನರಜಾಲ ಬಳಸುವ ಡಿನಾಯ್ಸರ್‌ಗೆ ಒಪ್ಪಿಸುತ್ತವೆ. ಅದು ಕಾಳುಗಳನ್ನು ಊಹೆಯಿಂದ ಸಾಪು ಮಾಡುತ್ತದೆ. ಸಮಯ ಬಹಳ ಉಳಿಯುತ್ತದೆ, ನಿಜ. ಆದರೆ ಜಾಲಂಧ್ರದ ಸಣ್ಣ ತೂತುಗಳು, ಮರದ ನಾರು, ಗಾರೆಯ ತರಿ ಇಂಥ ಕಡೆ ಅದರ ಊಹೆ ತಪ್ಪಿ ಎಲ್ಲ ಮೇಣ ಮೆತ್ತಿದಂತೆ ಕಾಣಬಹುದು. ಅಂತಿಮ ಶೀಟಿಗೆ ಹೋಗುವ ಚಿತ್ರವನ್ನು ಆ ಜಾಗಗಳಲ್ಲಿ ಹಿಗ್ಗಿಸಿ ನೋಡುವುದು ಒಳ್ಳೆಯದು.

ಒಂದೊಂದು ತುಂಡು ದಾರಿಗೂ ಯಂತ್ರ ಕೇಳಿಕೊಳ್ಳಬೇಕಾದ ಪ್ರಶ್ನೆ: ಈ ಕಿರಣ ಯಾವ ತ್ರಿಕೋನಕ್ಕೆ ತಾಗಿತು? ಮಾಡೆಲ್‌ನಲ್ಲಿ ಇರುವುದೆಲ್ಲ ಕೊನೆಗೆ ತ್ರಿಕೋನಗಳೇ. ನಮ್ಮ ತೊಟ್ಟಿಮನೆಗೆ 200 ಚದರ ಮೀಟರ್ ಮಂಗಳೂರು ಹಂಚಿನ ಮಾಡಿದೆ ಎನ್ನಿ. ಚದರ ಮೀಟರಿಗೆ ಸುಮಾರು 15 ಹಂಚಿನಂತೆ 3,000 ಹಂಚು. ಹಂಚಿನ ಏಣು, ತೋಡು, ತಿರುವುಗಳನ್ನೆಲ್ಲ ತೋರಿಸಿ ಒಂದಕ್ಕೆ 2,000 ತ್ರಿಕೋನ ಬಳಸಿದರೆ ಮಾಡಿಗೇ 60 ಲಕ್ಷ. ಪ್ರತಿ ಕಿರಣವನ್ನು 60 ಲಕ್ಷ ತ್ರಿಕೋನಗಳಿಗೂ ತಾಳೆ ನೋಡುತ್ತ ಕೂತರೆ ಯುಗ ಕಳೆಯುತ್ತದೆ. ಆದ್ದರಿಂದ ರೆಂಡರರ್ ಮೊದಲು ಇಡೀ ಮನೆಯನ್ನು ಒಂದು ಕಾಣದ ಪೆಟ್ಟಿಗೆಯಲ್ಲಿಟ್ಟು, ಅದನ್ನು ಎರಡು ಸಣ್ಣ ಪೆಟ್ಟಿಗೆಗಳಾಗಿ, ಅವನ್ನು ಮತ್ತೆ ಎರಡೆರಡಾಗಿ ಒಡೆಯುತ್ತ ಹೋಗುತ್ತದೆ. ಕಿರಣ ಒಂದು ಪೆಟ್ಟಿಗೆಗೆ ತಾಗಲಿಲ್ಲವೆಂದರೆ ಅದರೊಳಗಿನ ಲಕ್ಷಾಂತರ ತ್ರಿಕೋನಗಳನ್ನು ಒಂದೇಟಿಗೆ ಮರೆತುಬಿಡಬಹುದು. 60 ಲಕ್ಷವನ್ನು ಅರ್ಧರ್ಧ ಮಾಡುತ್ತ ಬಂದರೆ 23 ಹೆಜ್ಜೆಯಲ್ಲಿ ಒಂದಕ್ಕಿಳಿಯುತ್ತೇವೆ. ಹೀಗೆ ಕೆಲವು ಡಜನ್ ತಾಳೆಗಳಲ್ಲಿ ಕೆಲಸ ಮುಗಿಯುತ್ತದೆ. ಎನ್‌ವಿಡಿಯಾ 2018ರಲ್ಲಿ ತಂದ ಆರ್‌ಟಿಎಕ್ಸ್ ಚಿಪ್‌ಗಳಲ್ಲಿ ಹೊಸದಾಗಿದ್ದುದು ಇದಕ್ಕೆಂದೇ ಮೀಸಲಾದ ಮಂಡಲಗಳು. ಪೆಟ್ಟಿಗೆ ತಾಳೆ, ತ್ರಿಕೋನ ತಾಳೆ, ಇವೆರಡನ್ನು ಬಿಟ್ಟು ಅವಕ್ಕೆ ಬೇರೆ ಕೆಲಸವಿಲ್ಲ. ಹೆಸರಿನ ಮುಂದಿನ ಆರ್‌ಟಿ ಎರಡಕ್ಷರ ರೆಂಡರಿಂಗ್ ಮಾಡುವವರಿಗೆ ನಿಜವಾಗಿ ಬೆಲೆಯುಳ್ಳದ್ದು.

ಒಂದು ಕಿರಣದ ಉತ್ತರಕ್ಕೆ ಇನ್ನೊಂದು ಕಿರಣ ಕಾಯಬೇಕಿಲ್ಲ ಎಂಬುದನ್ನು ಗಮನಿಸಿ. ಈ ಕಾರಣಕ್ಕೇ ಸಾವಿರಾರು ಸಣ್ಣ ಗಣಕಗಳುಳ್ಳ ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್, ರೆಂಡರಿಂಗಿಗೆ ಹೇಳಿ ಮಾಡಿಸಿದ್ದು.

ಮಾಡೆಲಿಂಗ್ ಹಾಗಲ್ಲ. ಅಲ್ಲಿ ಎಲ್ಲವೂ ಒಂದಕ್ಕೊಂದು ಕಾಯುತ್ತವೆ. ಐವಾನ್ ಸದರ್‌ಲ್ಯಾಂಡ್ 1963ರಲ್ಲಿ ಎಂಐಟಿಯಲ್ಲಿ ತಮ್ಮ ಪಿಎಚ್‌.ಡಿ.ಗಾಗಿ ಮಾಡಿದ ಸ್ಕೆಚ್‌ಪ್ಯಾಡ್‌ನಲ್ಲೇ ಈ ಗುಣವಿತ್ತು. ಬೆಳಕಿನ ಲೇಖನಿಯಿಂದ ಪರದೆಯ ಮೇಲೆ ಗೆರೆ ಎಳೆದು, ಈ ಎರಡು ಗೆರೆ ಸದಾ ಸಮಾಂತರವಾಗಿರಲಿ ಎಂದು ಕಟ್ಟಳೆ ಹಾಕಬಹುದಿತ್ತು. ಒಂದನ್ನು ಅಲುಗಿಸಿದರೆ ಇನ್ನೊಂದು ತಾನಾಗಿ ಹೊಂದಿಕೊಳ್ಳುತ್ತಿತ್ತು. ಇಂದು ರೆವಿಟ್‌ನಲ್ಲಿ ಮಹಡಿಯ ಎತ್ತರ ಬದಲಿಸಿದರೆ ಗೋಡೆ ಬೆಳೆಯುತ್ತದೆ, ಗೋಡೆ ಬೆಳೆದ ಮೇಲೆ ಕಿಟಕಿ ಸರಿಯುತ್ತದೆ, ಆಮೇಲೆ ಮೆಟ್ಟಿಲು, ಆಮೇಲೆ ಮಾಡು, ಕೊನೆಗೆ ವಿವರಪಟ್ಟಿ. ಪಾಯ ಏಳದೆ ಗೋಡೆ ಏರಿಸಲು ನೂರು ಗಾರೆಕೆಲಸದವರನ್ನು ಕರೆತಂದರೂ ಅವರು ಕಾಯುತ್ತ ನಿಲ್ಲಬೇಕಷ್ಟೆ. ಐಬಿಎಂನ ಜೀನ್ ಆಮ್‌ಡಾಲ್ 1967ರಲ್ಲಿ ಇದನ್ನೇ ವಾದವಾಗಿ ಮಂಡಿಸಿದರು. ಒಂದು ಕೆಲಸದಲ್ಲಿ ಶೇ. 20 ಮಾತ್ರ ಹಂಚಬಹುದಾದ ಭಾಗವಿದ್ದರೆ, ಕೋರ್‌ಗಳನ್ನು ಅನಂತವಾಗಿ ಕೂಡಿಸಿದರೂ ವೇಗ ಒಂದೂಕಾಲು ಪಟ್ಟಿಗಿಂತ ಮೇಲೇರದು. ಸ್ಕೆಚಪ್, ರೆವಿಟ್, ಆಟೋಕ್ಯಾಡ್‌ಗಳಲ್ಲಿ ದಿನವಿಡೀ ಮಾಡುವ ಹೆಚ್ಚಿನ ಕೆಲಸ ಈ ಬಗೆಯದು. ಇವಕ್ಕೆ ಬೇಕಾದ್ದು ಒಂಟಿ ಕೋರ್‌ನ ಚುರುಕು. ಈಚಿನ ತಲೆಮಾರಿನ ಮಧ್ಯಮ ದರ್ಜೆಯ ಪ್ರಾಸೆಸರ್ ಹಳೆಯ ತಲೆಮಾರಿನ ದುಬಾರಿ ಪ್ರಾಸೆಸರನ್ನು ಈ ಕೆಲಸದಲ್ಲಿ ಹಿಂದೆ ಹಾಕುವುದು ಸಾಮಾನ್ಯ. ಹದಿನಾರು ಕೋರ್, ಇಪ್ಪತ್ತನಾಲ್ಕು ಕೋರ್ ಎಂದು ಹೆಚ್ಚು ಹಣ ಕೊಡುವ ಮುನ್ನ ನಿಮ್ಮ ರೆಂಡರರ್ ಸಿಪಿಯು ಮೇಲೆ ಓಡುವಂಥದ್ದೇ ಎಂದು ಕೇಳಿಕೊಳ್ಳಿ. ಕರೋನಾ ಹಾಗೆ ಓಡುತ್ತದೆ, ಅದಕ್ಕೆ ಎಷ್ಟು ಕೋರ್ ಕೊಟ್ಟರೂ ಉಣ್ಣುತ್ತದೆ. ಎನ್‌ಸ್ಕೇಪ್, ಲ್ಯೂಮಿಯನ್, ಟ್ವಿನ್‌ಮೋಷನ್, ಡಿ5 ಬಳಸುವವರ ಹಣ ಜಿಪಿಯು ಕಡೆಗೆ ಹೋಗಬೇಕು.

ಜಿಪಿಯು ಕೊಳ್ಳುವಾಗ ಹೆಸರನ್ನು ನಂಬುವಂತಿಲ್ಲ. ಈ ಬರಹದಲ್ಲಿ ನಾನು ಒತ್ತಿ ಹೇಳಬೇಕೆಂದಿರುವ ಮಾತು ಇದೇ. ಆರ್‌ಟಿಎಕ್ಸ್ 4090 ಎಂಬ ಹೆಸರು ಡೆಸ್ಕ್‌ಟಾಪ್ ಕಾರ್ಡಿಗೂ ಇದೆ, ಲ್ಯಾಪ್‌ಟಾಪ್ ಚಿಪ್ಪಿಗೂ ಇದೆ. ಡೆಸ್ಕ್‌ಟಾಪಿನದರಲ್ಲಿ 16,384 ಗಣಕಗಳು, 24 ಜಿಬಿ ಮೆಮೊರಿ, 450 ವ್ಯಾಟ್. ಲ್ಯಾಪ್‌ಟಾಪಿನದರಲ್ಲಿ 9,728 ಗಣಕಗಳು, 16 ಜಿಬಿ, ಹೆಚ್ಚೆಂದರೆ 150 ವ್ಯಾಟ್ ಮತ್ತು ಮೇಲೊಂದಿಷ್ಟು. ಒಳಗಿನ ಸಿಲಿಕಾನ್ ತುಣುಕೇ ಬೇರೆ. ಇನ್ನೂ ಸೂಕ್ಷ್ಮವಾದ ವ್ಯತ್ಯಾಸ ಲ್ಯಾಪ್‌ಟಾಪುಗಳ ನಡುವೆಯೇ ಇದೆ. 4060 ಲ್ಯಾಪ್‌ಟಾಪ್ ಚಿಪ್ಪಿಗೆ ಎನ್‌ವಿಡಿಯಾ ಕೊಟ್ಟಿರುವ ವ್ಯಾಪ್ತಿ 35ರಿಂದ 115 ವ್ಯಾಟ್. ಎಷ್ಟು ವ್ಯಾಟ್ ಉಣಿಸಬೇಕೆಂದು ನಿರ್ಧರಿಸುವುದು ಲ್ಯಾಪ್‌ಟಾಪ್ ಮಾಡಿದ ಕಂಪನಿ. ತೆಳುವಾದ, ಅಂದವಾದ ಯಂತ್ರದಲ್ಲಿ ಅದು ಕಡಿಮೆ, ದಪ್ಪನೆಯದರಲ್ಲಿ ಹೆಚ್ಚು. ಎರಡರ ಮೇಲೂ ಅಂಟಿಸಿದ ಚೀಟಿ ಒಂದೇ.

ವ್ಯಾಟ್ ಯಾಕೆ ವೇಗವಾಗುತ್ತದೆ? ಚಿಪ್ಪಿನೊಳಗಿನ ಕೋಟ್ಯಂತರ ಟ್ರಾನ್ಸಿಸ್ಟರ್‌ಗಳು ಸೆಕೆಂಡಿಗೆ ನೂರಾರು ಕೋಟಿ ಸಲ ತೆರೆದು ಮುಚ್ಚುತ್ತವೆ. ಪ್ರತಿ ಸಲವೂ ಒಂದಿಷ್ಟು ವಿದ್ಯುದಂಶ ತುಂಬಿ ಬರಿದಾಗುತ್ತದೆ. ಖರ್ಚಾಗುವ ಶಕ್ತಿ ಗಡಿಯಾರದ ವೇಗಕ್ಕೆ ನೇರವಾಗಿಯೂ ವೋಲ್ಟೇಜಿನ ವರ್ಗಕ್ಕೂ ತಕ್ಕಂತೆ ಏರುತ್ತದೆ. ವೇಗವನ್ನು ಶೇ. 20 ಹೆಚ್ಚಿಸಲು ವೋಲ್ಟೇಜನ್ನು ಶೇ. 10 ಏರಿಸಬೇಕಾಗಿ ಬಂತೆನ್ನಿ, ಖರ್ಚು 1.2 ಗುಣಿಸು 1.21, ಅಂದರೆ ಶೇ. 45 ಹೆಚ್ಚು. ಇದೇ ಲೆಕ್ಕವನ್ನು ಹಿಮ್ಮುಖವಾಗಿ ನೋಡಿದರೆ ಒಂದು ಒಳ್ಳೆಯ ಸುದ್ದಿಯಿದೆ. ವೇಗ ಶೇ. 20, ವೋಲ್ಟೇಜ್ ಶೇ. 10 ಇಳಿಸಿದರೆ ಖರ್ಚು ಮೂರನೆಯ ಒಂದು ಪಾಲು ಇಳಿಯುತ್ತದೆ. ಹಾಗಾಗಿ ತುತ್ತತುದಿಯ ವ್ಯಾಟಿನ ಹಿಂದೆ ಓಡಬೇಕಿಲ್ಲ. 4060 ಚಿಪ್ಪಿಗೆ 90–100 ವ್ಯಾಟ್ ಕೊಡುವ ಯಂತ್ರ 115 ಕೊಡುವ ಯಂತ್ರದ ಹತ್ತಿರ ಹತ್ತಿರವೇ ಇರುತ್ತದೆ. 45 ಕೊಡುವ ಯಂತ್ರ ಮಾತ್ರ ಹಿಂದೆ ಬೀಳುತ್ತದೆ. ಪ್ರಾಸೆಸರಿನ ಕಥೆಯೂ ಇದೇ. ಇಂಟೆಲ್ ಕೋರ್ ಐ7-13700ಎಚ್‌ನ ಮೂಲ ಖರ್ಚು 45 ವ್ಯಾಟ್, ಟರ್ಬೊದಲ್ಲಿ 115. ಆ 115 ಕ್ಷಣಿಕ ಓಟ. ಜಾಹೀರಾತಿನ ಅಂಕಿ ಬರುವುದು ಅಲ್ಲಿಂದ, ಮೂರು ಗಂಟೆಯ ರೆಂಡರ್ ನಡೆಯುವುದು ಮಾತ್ರ ಯಂತ್ರದ ತಂಪಾರಿಸುವ ವ್ಯವಸ್ಥೆ ತಾಳುವ ವ್ಯಾಟಿನಲ್ಲಿ.

ಲ್ಯಾಪ್‌ಟಾಪ್ ಒಳಗೆ ಹೋದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ಹೊರಬರಲೇಬೇಕು. ಉಗುರಿನಷ್ಟಗಲದ ಚಿಪ್ಪಿನಿಂದ ನೂರು ವ್ಯಾಟ್ ಶಾಖ ಹೊರಗೆಳೆಯುವ ಉಪಾಯ ನಿಜಕ್ಕೂ ಚೆಂದ. ಚಿಪ್ಪಿನ ಮೇಲೆ ಕೂರಿಸಿದ ಚಪ್ಪಟೆ ತಾಮ್ರದ ಕೊಳವೆಯೊಳಗೆ ಗಾಳಿ ತೆಗೆದು ಕೆಲವು ಹನಿ ನೀರು ಇಟ್ಟಿರುತ್ತಾರೆ. ಬಿಸಿ ತುದಿಯಲ್ಲಿ ನೀರು ಆವಿಯಾಗುತ್ತದೆ, ಫ್ಯಾನಿನ ಬಳಿಯ ತಂಪು ತುದಿಗೆ ನುಗ್ಗಿ ಮತ್ತೆ ನೀರಾಗುತ್ತದೆ, ಒಳಮೈಯ ಸಣ್ಣ ರಂಧ್ರಗಳ ಪದರ ಆ ನೀರನ್ನು ಹೀರಿ ಹಿಂದಕ್ಕೆ ತರುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,300 ಜೂಲ್ ಬೇಕು. ಹಾಗಾಗಿ 100 ವ್ಯಾಟ್ ಸಾಗಿಸಲು ಸೆಕೆಂಡಿಗೆ ಒಂದು ಗ್ರಾಂನ ಇಪ್ಪತ್ತನೆಯ ಒಂದು ಭಾಗಕ್ಕಿಂತ ಕಡಿಮೆ ನೀರು ಸುತ್ತಿದರೆ ಸಾಕು. 1963ರಲ್ಲಿ ಜಾರ್ಜ್ ಗ್ರೋವರ್ ಈ ಶಾಖಕೊಳವೆಯನ್ನು ಬೆಳೆಸಿದ್ದು ಅದೇ ಲಾಸ್ ಅಲಾಮೋಸ್‌ನಲ್ಲಿ. ಕಿರಣಗಳನ್ನು ಎಣಿಸುವ ಗಣಿತ, ಎಣಿಸುವಾಗ ಏಳುವ ಬಿಸಿಯನ್ನು ಒಯ್ಯುವ ಕೊಳವೆ, ಎರಡಕ್ಕೂ ತವರು ಒಂದೇ ಎಂಬುದು ನನಗೆ ಪ್ರತಿಸಲವೂ ಬೆರಗು ತರುತ್ತದೆ.

ಕೊಳವೆ ಶಾಖವನ್ನು ಫ್ಯಾನಿನ ತನಕ ಒಯ್ಯಬಲ್ಲದು, ಆಮೇಲಿನದು ಕೋಣೆಯ ಗಾಳಿಯ ಕೆಲಸ. ಶಾಖ ಹರಿಯುವುದು ಉಷ್ಣತೆಯ ಅಂತರಕ್ಕೆ ತಕ್ಕಂತೆ. ಚಿಪ್ಪಿನ ಮಿತಿ 100 ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಂಡರೆ, ಮಡಿಕೇರಿಯ 25 ಡಿಗ್ರಿಯ ಕೋಣೆಯಲ್ಲಿ 75 ಡಿಗ್ರಿಯ ಅಂತರ ಸಿಗುತ್ತದೆ; ಕಲಬುರಗಿಯ ಮೇ ತಿಂಗಳ 40 ಡಿಗ್ರಿಯ ಕೋಣೆಯಲ್ಲಿ 60. ಅದೇ ಯಂತ್ರ ಅಲ್ಲಿ ಸುಮಾರು ಐದನೆಯ ಒಂದು ಪಾಲು ಕಡಿಮೆ ವ್ಯಾಟ್ ತಾಳುತ್ತದೆ. ಯೂಟ್ಯೂಬಿನಲ್ಲಿ ತಂಪು ದೇಶದವರು, ಎ.ಸಿ. ಕೋಣೆಯವರು ತೋರಿಸುವ ಪರೀಕ್ಷೆಗಳನ್ನು ನೋಡುವಾಗ ಇದು ನೆನಪಿರಲಿ. ನಮ್ಮ ಬಯಲುಸೀಮೆಯ ಹಾಸ್ಟೆಲ್ ಕೋಣೆಗೆ ಅರ್ಧ ಇಂಚು ದಪ್ಪ ಹೆಚ್ಚಿರುವ, ಹಿಂದೆಯೂ ಪಕ್ಕದಲ್ಲೂ ಅಗಲ ಕಿಂಡಿಗಳಿರುವ ಯಂತ್ರವೇ ವಾಸಿ. ಹಾಸಿಗೆಯ ಮೇಲಿಟ್ಟು ರೆಂಡರ್ ಹಚ್ಚಿದರೆ ಕೆಳಗಿನ ಕಿಂಡಿ ಮುಚ್ಚಿ ಈ ಲೆಕ್ಕವೆಲ್ಲ ನೀರಿಗೆ ಬಿದ್ದಂತೆ.

ಬ್ಯಾಟರಿಯ ಮಾತು ಚಿಕ್ಕದು. ವಿಮಾನದಲ್ಲಿ ಅನುಮತಿ ಕೇಳದೆ ಒಯ್ಯಬಹುದಾದ ಮಿತಿ 100 ವ್ಯಾಟ್-ಅವರ್. ಆದ್ದರಿಂದ ದೊಡ್ಡ ಲ್ಯಾಪ್‌ಟಾಪುಗಳ ಬ್ಯಾಟರಿಯೂ 99ರ ಸುಮಾರಿಗೆ ನಿಲ್ಲುತ್ತದೆ. 180 ವ್ಯಾಟ್ ಉಣ್ಣುವ ಕೆಲಸಕ್ಕೆ ಅದು ಅರ್ಧ ಗಂಟೆಯ ಊಟ. ಅಷ್ಟು ಜೋರಾಗಿ ಬ್ಯಾಟರಿಯನ್ನು ಹೀರಬಾರದೆಂದು ಯಂತ್ರಗಳು ಚಾರ್ಜರ್ ತೆಗೆದೊಡನೆ ಜಿಪಿಯುವಿನ ವ್ಯಾಟ್ ಕತ್ತರಿಸುತ್ತವೆ. ರೆಂಡರ್ ಎಂದರೆ ಪ್ಲಗ್ ಹಾಕಿಯೇ. ಕರೆಂಟ್ ಹೋದಾಗ ಫೈಲ್ ಸೇವ್ ಮಾಡಿಕೊಳ್ಳಲು ಬಿಡುವು ಕೊಡುತ್ತದೆಯಲ್ಲ, ಬ್ಯಾಟರಿಯಿಂದ ಅಷ್ಟು ಉಪಕಾರ ಸಾಕು.

ಇನ್ನು ಮೆಮೊರಿ. ವ್ಯಾಟ್ ಕಡಿಮೆಯಾದರೆ ರೆಂಡರ್ ನಿಧಾನವಾಗುತ್ತದೆ, ಗ್ರಾಫಿಕ್ಸ್ ಮೆಮೊರಿ ಸಾಲದಿದ್ದರೆ ಆಗದೆಯೇ ಹೋಗಬಹುದು. ಲೆಕ್ಕ ಸರಳ. 4,096 ಗುಣಿಸು 4,096 ಚುಕ್ಕಿಗಳ ಒಂದು ಟೆಕ್ಸ್ಚರ್, ಚುಕ್ಕಿಗೆ 4 ಬೈಟ್: 64 ಎಂಬಿ. ದೂರದಿಂದ ನೋಡುವಾಗ ಬೇಕಾಗುವ ಸಣ್ಣ ಪ್ರತಿಗಳನ್ನೂ ಸೇರಿಸಿದರೆ ಸುಮಾರು 85. ಒಂದು ಕಲ್ಲಿನ ಮೆಟೀರಿಯಲ್‌ಗೆ ಬಣ್ಣ, ಒರಟುತನ, ಉಬ್ಬುತಗ್ಗು, ಪ್ರತಿಫಲನ ಎಂದು ಇಂಥ ನಾಲ್ಕು ಚಿತ್ರಗಳಿದ್ದರೆ 340 ಎಂಬಿ. ಕುಗ್ಗಿಸದೆ ಇಟ್ಟ ಇಂಥ ಇಪ್ಪತ್ತು ಮೆಟೀರಿಯಲ್‌ಗಳು 6.8 ಜಿಬಿ ನುಂಗುತ್ತವೆ. ಇನ್ನೂ ಮನೆ, ಮರ, ಹುಲ್ಲು ಬಂದಿಲ್ಲ. 8 ಜಿಬಿ ಮುಗಿಯಿತೆಂದರೆ ಕೆಲವು ರೆಂಡರರ್‌ಗಳು ಅಲ್ಲೇ ನಿಲ್ಲುತ್ತವೆ, ಕೆಲವು ಉಳಿದದ್ದನ್ನು ಮುಖ್ಯ ರ‍್ಯಾಮ್‌ನಿಂದ ತರಿಸಿಕೊಳ್ಳುತ್ತವೆ. 4060 ಲ್ಯಾಪ್‌ಟಾಪ್ ಚಿಪ್ ತನ್ನ ಸ್ವಂತ ಮೆಮೊರಿಯಿಂದ ಸೆಕೆಂಡಿಗೆ ಸುಮಾರು 250 ಜಿಬಿ ಓದಬಲ್ಲದು. ಹೊರಗಿನ ರ‍್ಯಾಮ್‌ನಿಂದ ಬರುವ ದಾರಿಯಲ್ಲಿ ಸುಮಾರು 16 ಮಾತ್ರ. ನಿಮಿಷದ ಕೆಲಸ ಕಾಲು ಗಂಟೆಯಾಗುವುದು ಹೀಗೆ.

ಅಂಗಡಿಯಲ್ಲಿ ಯಾರೂ ಹೇಳದ ಸಂಗತಿಯೊಂದು ಇಲ್ಲಿದೆ. 4050ಕ್ಕೆ 6 ಜಿಬಿ, 4060ಕ್ಕೆ 8 ಜಿಬಿ. ಇನ್ನಷ್ಟು ಹಣ ಕೊಟ್ಟು 4070 ಲ್ಯಾಪ್‌ಟಾಪ್ ತೆಗೆದುಕೊಂಡರೂ ಅದೇ 8. ಮೇಲಕ್ಕೆ ಹೋಗಬೇಕಾದರೆ 4080ಕ್ಕೇ ಹಾರಬೇಕು, ಅಲ್ಲಿ 12. 2025ರಲ್ಲಿ ಬಂದ ಹೊಸ ಸಾಲಿನಲ್ಲೂ 5060, 5070 ಎರಡೂ 8 ಜಿಬಿಯೊಂದಿಗೇ ಹೊರಬಂದವು. 5070 ಟಿಐಗೆ 12, 5080ಕ್ಕೆ 16. ದೊಡ್ಡ ದೃಶ್ಯಗಳನ್ನು ರೆಂಡರ್ ಮಾಡುವವರಿಗೆ ನಡುವಿನ ಮೆಟ್ಟಿಲು ನಷ್ಟದ ಮೆಟ್ಟಿಲು ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದೋ 8 ಜಿಬಿಯ ಅಗ್ಗದ್ದರಲ್ಲಿ ನಿಲ್ಲಿ, ಇಲ್ಲವೇ 12ಕ್ಕೆ ಹೋಗಿ.

ಆದರೆ ಖರ್ಚು ಮಾಡುವ ಮುನ್ನ ಫೈಲನ್ನು ಹಗುರ ಮಾಡಿ. ಹಿತ್ತಲ ಗೋಡೆಯ ಕಲ್ಲು ಚಿತ್ರದಲ್ಲಿ ಅಂಗೈಯಗಲ ಕಾಣುವುದಾದರೆ ಅದಕ್ಕೆ 1,024 ಚುಕ್ಕಿಯ ಟೆಕ್ಸ್ಚರ್ ಧಾರಾಳವಾಯಿತು, ಮೆಮೊರಿ ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ. 3,000 ಹಂಚುಗಳನ್ನು ಕಾಪಿ-ಪೇಸ್ಟ್ ಮಾಡಬೇಡಿ, ಒಂದನ್ನು ಕಾಂಪೊನೆಂಟ್ ಮಾಡಿ ಹರಡಿ. ಆಗ ಯಂತ್ರ 2,000 ತ್ರಿಕೋನಗಳನ್ನು ಒಮ್ಮೆ ಮಾತ್ರ ನೆನಪಿಟ್ಟು, ಉಳಿದದ್ದಕ್ಕೆ ಜಾಗ ಮತ್ತು ದಿಕ್ಕನ್ನಷ್ಟೇ ಬರೆದುಕೊಳ್ಳುತ್ತದೆ. ಒಂದು ಮೂಲ, ಹಲವು ಪ್ರತಿ ಎಂಬ ಈ ವಿಚಾರವೂ ಸದರ್‌ಲ್ಯಾಂಡರ 1963ರ ಸ್ಕೆಚ್‌ಪ್ಯಾಡ್‌ನಲ್ಲಿತ್ತು.

ದುಬಾರಿ ಯಂತ್ರವೂ ಸರಿಪಡಿಸಲಾರದ ಇನ್ನೊಂದು ತೊಂದರೆಯನ್ನು ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಇದನ್ನು ಲ್ಯಾಪ್‌ಟಾಪಿನ ದೋಷವೆಂದು ತಿಳಿದು ಯಂತ್ರ ಬದಲಿಸಲು ಹೊರಡುವವರಿದ್ದಾರೆ. ಡ್ರೋನ್ ಸರ್ವೆಯಿಂದಲೋ ಟೋಟಲ್ ಸ್ಟೇಷನ್‌ನಿಂದಲೋ ಬಂದ ಸೈಟಿನ ನಕ್ಷೆಯನ್ನು ಹಾಗೇ ತಂದಿಟ್ಟು ಅದರ ಮೇಲೆ ಮನೆ ಕಟ್ಟಿದರೆ, ತಿರುಗಿಸುವಾಗ ಅಂಚುಗಳು ನಡುಗುತ್ತವೆ, ಕಿಟಕಿಯ ಚೌಕಟ್ಟು ಗೋಡೆಯೊಳಗೆ ಹೊಕ್ಕು ಹೊರಬರುತ್ತದೆ. ಮಾಡೆಲಿಂಗ್ ತಂತ್ರಾಂಶ ಒಳಗೆ ಎಷ್ಟೇ ನಿಖರವಾಗಿದ್ದರೂ, ಜಿಪಿಯುಗೆ ಕಳಿಸುವಾಗ ಸಂಖ್ಯೆಗಳು ಸಾಮಾನ್ಯವಾಗಿ 32 ಬಿಟ್‌ಗೆ ಇಳಿಯುತ್ತವೆ. ಅದರಲ್ಲಿ ನಿಖರತೆಗೆ ಸಿಗುವುದು 24 ಬಿಟ್. ಯುಟಿಎಂ ನಿರ್ದೇಶಾಂಕದಲ್ಲಿ ಬೆಂಗಳೂರು ಸಮಭಾಜಕ ವೃತ್ತದಿಂದ ಸುಮಾರು 14 ಲಕ್ಷ 34 ಸಾವಿರ ಮೀಟರ್ ಉತ್ತರಕ್ಕಿದೆ. ಅಷ್ಟು ದೊಡ್ಡ ಸಂಖ್ಯೆಯ ಬಳಿ 24 ಬಿಟ್‌ನ ಒಂದು ಹೆಜ್ಜೆ ಒಂದು ಮೀಟರಿನ ಎಂಟನೆಯ ಒಂದು ಭಾಗ, ಅಂದರೆ ಹನ್ನೆರಡೂವರೆ ಸೆಂಟಿಮೀಟರ್. ಚಾಮರಾಜನಗರದಿಂದ ಬೀದರಿನವರೆಗೆ ಇಡೀ ಕರ್ನಾಟಕ 10.5 ಲಕ್ಷದಿಂದ 21 ಲಕ್ಷ ಮೀಟರ್‌ಗಳ ನಡುವೆ ಬರುವುದರಿಂದ ರಾಜ್ಯದುದ್ದಕ್ಕೂ ಹೆಜ್ಜೆ ಇಷ್ಟೇ. ಕಿಟಕಿ ಚೌಕಟ್ಟಿನ ದಪ್ಪ ಅದಕ್ಕಿಂತ ಕಡಿಮೆ. ಸೈಟಿನ ಒಂದು ಮೂಲೆಯನ್ನು ಸೊನ್ನೆಗೆ ತಂದು ಅಲ್ಲಿಂದ ಮಾಡೆಲ್ ಶುರುಮಾಡಿದರೆ ನಡುಕ ನಿಲ್ಲುತ್ತದೆ. ಒಂದು ರೂಪಾಯಿಯ ಖರ್ಚಿಲ್ಲ.

ಪರದೆಯ ವಿಷಯದಲ್ಲಿ ಉಳಿತಾಯ ಮಾಡಬೇಡಿ. ವಿವರಪಟ್ಟಿಯಲ್ಲಿ 45% ಎನ್‌ಟಿಎಸ್‌ಸಿ ಎಂದಿದ್ದರೆ ಆ ಪರದೆ ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ಮೂರನೆಯ ಎರಡು ಪಾಲಿಗಿಂತ ಕಡಿಮೆ ತೋರಿಸುತ್ತದೆ ಎಂದರ್ಥ. ಮೊದಲು ಸೊರಗುವುದು ಗಾಢ ಕೆಂಪುಗಳು. ಜಗಲಿಯ ರೆಡ್ ಆಕ್ಸೈಡ್ ನೆಲ ಆ ಪರದೆಯಲ್ಲಿ ಮಾಸಲಾಗಿ ಕಾಣುತ್ತದೆ, ಕೆಂಪು ಸಾಲದು ಎಂದು ವಿದ್ಯಾರ್ಥಿನಿ ಬಣ್ಣ ಏರಿಸುತ್ತಾಳೆ, ಪ್ರಿಂಟ್ ತೆಗೆದಾಗ ನೆಲ ಕುಂಕುಮ ಚೆಲ್ಲಿದಂತಿರುತ್ತದೆ. 100% ಎಸ್‌ಆರ್‌ಜಿಬಿ ಎಂದು ಬರೆದಿರುವ ಐಪಿಎಸ್ ಪರದೆಯಾದರೂ ಇರಲಿ. ಗೇಮ್ ಆಡುವವರು ಮೆಚ್ಚುವ ಸೆಕೆಂಡಿಗೆ 240 ಸಲದ ಮಿನುಗು ನಮ್ಮ ಕೆಲಸಕ್ಕೆ ಬೇಡ.

ಉಳಿದವು ಬೇಗ ಹೇಳಿ ಮುಗಿಸುವಂಥವು. ರ‍್ಯಾಮ್ 16 ಜಿಬಿಯಿಂದ ಶುರುವಾಗಲಿ, ಮೂರನೆಯ ವರ್ಷಕ್ಕೆ 32 ಬೇಕಾಗುತ್ತದೆ. ಆದ್ದರಿಂದ ಬೆಸುಗೆ ಹಾಕಿದ ರ‍್ಯಾಮ್ ಬೇಡ, ಬಿಚ್ಚಿ ಹಾಕುವ ಎರಡು ಸ್ಲಾಟ್ ಇರಲಿ. ಎಸ್‌ಎಸ್‌ಡಿ ಒಂದು ಟಿಬಿ. ಅದು ಫೈಲ್ ತೆರೆಯುವುದನ್ನು ಚುರುಕು ಮಾಡುತ್ತದೆ, ರೆಂಡರ್ ವೇಗಕ್ಕೆ ಅದರ ಕೊಡುಗೆ ಅಲ್ಪ. ಮ್ಯಾಕ್‌ಬುಕ್ ಪ್ರೋಗಳು ತಂಪಾಗಿ, ಸದ್ದಿಲ್ಲದೆ ಕೆಲಸ ಮಾಡುತ್ತವೆ. ಮುಖ್ಯ ಮೆಮೊರಿಯನ್ನೇ ಜಿಪಿಯುವೂ ಹಂಚಿಕೊಳ್ಳುವುದರಿಂದ ದೊಡ್ಡ ದೃಶ್ಯಗಳೂ ಹಿಡಿಸುತ್ತವೆ. 2023ರ ಎಂ3 ಚಿಪ್‌ನಿಂದ ಕಿರಣ ಹಿಂಬಾಲಿಸುವ ಯಂತ್ರಾಂಶವೂ ಬಂದಿದೆ. ಸ್ಕೆಚಪ್, ರೈನೊ, ಆರ್ಕಿಕ್ಯಾಡ್, ಬ್ಲೆಂಡರ್ ಅಲ್ಲಿ ಓಡುತ್ತವೆ. ರೆವಿಟ್, 3ಡಿಎಸ್ ಮ್ಯಾಕ್ಸ್ ಓಡುವುದಿಲ್ಲ. ಕಾಲೇಜಿನಲ್ಲೋ ಮುಂದೆ ಕೆಲಸಕ್ಕೆ ಸೇರುವ ಆಫೀಸಿನಲ್ಲೋ ರೆವಿಟ್ ಇದ್ದರೆ ವಿಂಡೋಸ್ ಯಂತ್ರವೇ ಬೇಕು.

ಮನೆಯಲ್ಲೇ ಕೂತು ರೆಂಡರ್ ಮಾಡುವವರಿಗೆ ಲ್ಯಾಪ್‌ಟಾಪ್ ಸರಿಯಾದ ಯಂತ್ರವೇ ಅಲ್ಲ. ಅದೇ ಹಣಕ್ಕೆ ಡೆಸ್ಕ್‌ಟಾಪ್ ಹೆಚ್ಚು ವ್ಯಾಟ್, ಹೆಚ್ಚು ಮೆಮೊರಿ, ಹೆಚ್ಚು ಆಯಸ್ಸು ಕೊಡುತ್ತದೆ. ಸಣ್ಣ ಕಚೇರಿ ನಡೆಸುವ ಆರ್ಕಿಟೆಕ್ಟ್‌ಗಳಿಗೆ ನನ್ನ ಸಲಹೆ: ಸೈಟಿಗೂ ಕ್ಲೈಂಟ್ ಮನೆಗೂ ಒಯ್ಯಲು ಹಗುರವಾದ ಸಾಧಾರಣ ಲ್ಯಾಪ್‌ಟಾಪ್, ರೆಂಡರಿಂಗಿಗೆ ಕಚೇರಿಯಲ್ಲೊಂದು ಡೆಸ್ಕ್‌ಟಾಪ್. ಹಾಸ್ಟೆಲಿಗೂ ಸ್ಟುಡಿಯೊಗೂ ದಿನಾ ಓಡಾಡುವ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಅನಿವಾರ್ಯ. ಅವರು ಈಚಿನ ತಲೆಮಾರಿನ, ಹೆಸರಿನ ಕೊನೆಗೆ ಎಚ್ ಇರುವ ಪ್ರಾಸೆಸರ್, 90 ವ್ಯಾಟಿಗೆ ಕಡಿಮೆಯಿಲ್ಲದ 8 ಜಿಬಿಯ ಆರ್‌ಟಿಎಕ್ಸ್, ಒಳ್ಳೆಯ ಪರದೆ, ಬೆಳೆಸಬಹುದಾದ ರ‍್ಯಾಮ್ ಇಷ್ಟನ್ನು ಹುಡುಕಿದರೆ ಐದು ವರ್ಷದ ಬಹುಪಾಲು ಕೆಲಸ ನೆಮ್ಮದಿಯಿಂದ ಸಾಗುತ್ತದೆ.

ಕೊಳ್ಳುವ ದಿನ ಮಾಡೆಲ್ ಸಂಖ್ಯೆಯನ್ನು ಪೂರ್ತಿ ಬರೆದುಕೊಂಡು ಕಂಪನಿಯ ವಿವರಪಟ್ಟಿಯಲ್ಲಿ ಜಿಪಿಯು ವ್ಯಾಟ್ ಹುಡುಕಿ. ಸೀನಿಯರ್‌ಗಳಿಂದ ಪಡೆದ ಒಂದು ಭಾರದ ಫೈಲ್ ಇಲ್ಲವೇ ಉಚಿತವಾಗಿ ಸಿಗುವ ಬ್ಲೆಂಡರ್ ಬೆಂಚ್‌ಮಾರ್ಕನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಅಂಗಡಿಗೆ ಹೋಗಿ, ಪ್ರದರ್ಶನಕ್ಕಿಟ್ಟ ಯಂತ್ರದಲ್ಲಿ ಅರ್ಧ ಗಂಟೆ ಎಡೆಬಿಡದೆ ಓಡಿಸಲು ಕೇಳಿ. ಮೊದಲ ಸುತ್ತಿನ ಅಂಕಿಯನ್ನು ಬಿಡಿ, ಕೊನೆಯ ಸುತ್ತಿನ ಅಂಕಿಯನ್ನು ಬರೆದುಕೊಳ್ಳಿ. ನಿಮ್ಮ ಹಣಕ್ಕೆ ಸಿಗುವ ವೇಗ ಅದು.